ಪ್ರಾಸ್ಟೇಟ್ ಊತಕ್ಕೆ ನಾಲ್ಕು ವಾರ ಆಂಟಿಬಯೋಟಿಕ್: ಬೇಕಾ, ಬೇಡ್ವಾ?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹೇಳಿಕೊಳ್ಳೋಕೆ ಮುಜುಗರ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ವಯಸ್ಸು 37. ಶುಗರ್ ಇಲ್ಲ, ಬಿಪಿ ಇಲ್ಲ. ಇಡೀ ದಿನ ಕುರ್ಚಿಗೆ ಅಂಟಿಕೊಂಡು ಮಾಡುವ ಕೆಲಸ, ಬೆಂಗಳೂರು. ಕೆಲವು ತಿಂಗಳಿಂದ ಕಿಬ್ಬೊಟ್ಟೆಯಲ್ಲಿ, ಕೂರುವ ಜಾಗದಲ್ಲಿ ಒಂಥರಾ ಮಂದ ನೋವು. ಮೂತ್ರ ಮಾಡುವಾಗ ಸ್ವಲ್ಪ ಉರಿ. ರಾತ್ರಿ ಎದ್ದು ಹೋಗೋದು ಜಾಸ್ತಿ ಆಗಿದೆ. ಜ್ವರ ಇಲ್ಲ.

ಹತ್ತಿರದ ಕ್ಲಿನಿಕ್‌ನಲ್ಲಿ ಸ್ಕ್ಯಾನ್ ಮಾಡಿಸಿ, "ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ಊದಿಕೊಂಡಿದೆ" ಅಂತ ಲಿವೊಫ್ಲಾಕ್ಸಾಸಿನ್ 500 ಬರೆದರು. ದಿನಕ್ಕೊಂದು, ನಾಲ್ಕು ವಾರ. ಮೂತ್ರ ಪರೀಕ್ಷೆ ಕೇಳಲೇ ಇಲ್ಲ. ನಾಲ್ಕು ವಾರ ಅಂದಿದ್ದಕ್ಕೆ ಗಾಬರಿಯಾಗಿ ಮಾತ್ರೆ ಶುರು ಮಾಡದೆ ಒಬ್ಬ ಯೂರಾಲಜಿಸ್ಟ್ ಹತ್ತಿರ ಹೋದೆ. ಅವರು, "ಮೊದಲು ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ) ಬರಲಿ, ಆಂಟಿಬಯೋಟಿಕ್ ಬೇಡದೆಯೂ ಇರಬಹುದು" ಅಂದರು. ಯಾರ ಮಾತು ಕೇಳಲಿ? ಹೆಂಡತಿಗೂ ಇದು ಹರಡುತ್ತಾ?

ದಾವಣಗೆರೆ ಹುಡುಗ
ಎರಡನೆಯವರ ಮಾತು ಕೇಳಿ. ಮುಗೀತು.

ನಿವೃತ್ತ ಮೇಷ್ಟ್ರು
ಇದು ಉಷ್ಣ, ಬೇರೇನೂ ಅಲ್ಲ. ರಾತ್ರಿಪಾಳಿ, ಹೊರಗಿನ ಊಟ, ಸಾಲದ್ದಕ್ಕೆ ದಿನಕ್ಕೆ ಹತ್ತು ಕಾಫಿ. ಬಾರ್ಲಿ ನೀರು, ಎಳನೀರು, ನೆಗ್ಗಿಲು ಮುಳ್ಳಿನ ಕಷಾಯ ತೆಗೆದುಕೊಳ್ಳಿ. ಇಂಗ್ಲಿಷ್ ಮಾತ್ರೆ ತಿಂದು ಕಿಡ್ನಿ ಹಾಳು ಮಾಡಿಕೊಳ್ಳಬೇಡಿ.

ಯೂರೋ ಪಿಜಿ
ಮೇಷ್ಟ್ರೇ, ಎಳನೀರಿಗೆ ನನ್ನ ತಕರಾರಿಲ್ಲ. ಕಾಫಿ ಕಡಿಮೆ ಮಾಡಿ ಅಂತ ನಾವೂ ಹೇಳುತ್ತೇವೆ. ಆದರೆ ನಿಜವಾದ ಸೋಂಕು ಇದ್ದರೆ ಬಾರ್ಲಿ ನೀರಿಗೆ ಅದು ಹೋಗಲ್ಲ.

ರಾತ್ರಿಪಾಳಿ ಅವರೇ, ಪ್ರಾಸ್ಟಟೈಟಿಸ್, ಅಂದರೆ ಪ್ರಾಸ್ಟೇಟ್ ಊತ, ಅನ್ನೋದು ಒಂದೇ ಕಾಯಿಲೆ ಅಲ್ಲ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಮಾಡಿದ ನಾಲ್ಕು ಗುಂಪುಗಳನ್ನೇ ಎಲ್ಲ ಕಡೆ ಬಳಸುತ್ತಾರೆ, 1999ರಿಂದ ಅದೇ ನಡೆದಿದೆ. ಒಂದನೆಯದು ದಿಢೀರ್ ಸೋಂಕು. ಚಳಿಜ್ವರ ಬರುತ್ತೆ, ಮೂತ್ರ ಕಟ್ಟಬಹುದು, ಮನುಷ್ಯ ಮಲಗಿಬಿಡುತ್ತಾನೆ. ಎರಡನೆಯದು ಹಳೇ ಸೋಂಕು. ಬ್ಯಾಕ್ಟೀರಿಯಾ ಗ್ರಂಥಿಯೊಳಗೆ ಅಡಗಿ ಕೂತು ಆಗಾಗ ಉರಿಮೂತ್ರ ತರುತ್ತೆ, ಪ್ರತಿ ಸಲ ಕಲ್ಚರ್‌ನಲ್ಲಿ ಸಾಮಾನ್ಯವಾಗಿ ಅದೇ ಬ್ಯಾಕ್ಟೀರಿಯಾ ಸಿಗುತ್ತೆ, ಹೆಚ್ಚಾಗಿ ಇ. ಕೋಲಿ. ಮೂರನೆಯದರಲ್ಲಿ ನೋವು ಬೇಕಾದಷ್ಟು, ಬ್ಯಾಕ್ಟೀರಿಯಾ ಮಾತ್ರ ಸಿಗಲ್ಲ. ನಾಲ್ಕನೆಯದು ಬೇರೆ ಯಾವುದಕ್ಕೋ ಬಯಾಪ್ಸಿ ಮಾಡಿದಾಗ ಕಣ್ಣಿಗೆ ಬೀಳುತ್ತೆ, ಅದಕ್ಕೆ ಏನೂ ಮಾಡಬೇಕಿಲ್ಲ.

ಹಳೇ ನೋವು ಅಂತ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೂರನೇ ಗುಂಪು. ನೀವು ಬರೆದದ್ದು ಓದಿದರೆ ನೀವೂ ಅದರಲ್ಲೇ ಇರಬಹುದು. ಆದರೆ ಕಲ್ಚರ್ ಇಲ್ಲದೆ ಯಾರೂ ಹೇಳೋಕಾಗಲ್ಲ. ಸ್ಕ್ಯಾನ್ ನೋಡಿ ಹಳೇ ಪ್ರಾಸ್ಟಟೈಟಿಸ್ ಅಂತ ಹೇಳೋದಂತೂ ಆಗದ ಮಾತು. ಸ್ಕ್ಯಾನ್ ಗಾತ್ರ ತೋರಿಸುತ್ತೆ, ಕೀವು ತುಂಬಿದ್ದರೆ ತೋರಿಸುತ್ತೆ, ಅಷ್ಟೇ.

ಹಾಸನದ ರಾಜ
ಪಿಜಿ ಸರ್, ನೀವು ಪುಸ್ತಕ ಓದಿ ಹೇಳ್ತೀರಿ, ನಾನು ಅನುಭವಿಸಿದ್ದು ಹೇಳುತ್ತೇನೆ. ಹೋದ ವರ್ಷ ಗಡಗಡ ನಡುಗುವ ಚಳಿಜ್ವರ. ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತೆ, ಒಂದು ಹನಿ ಬರಲ್ಲ. ಬಚ್ಚಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದೆ, ಬೆವರು ಕಿತ್ತು ಬರುತ್ತಿತ್ತು. ತಮ್ಮ ಎತ್ತಿಕೊಂಡು ಹೋಗಿ ಅಡ್ಮಿಟ್ ಮಾಡಿಸಿದ. ಡಾಕ್ಟರು ಅದೇ ರಾತ್ರಿ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಹಾಕಿದರು. ರಿಪೋರ್ಟ್ ಬರಲಿ ಅಂತ ಕಾಯಲಿಲ್ಲ. ಆಮೇಲೆ ಮನೆಗೆ ಬಂದು ಮಾತ್ರೆ ನುಂಗಿದ್ದೂ ವಾರಗಟ್ಟಲೆ. ಅದು ಇಲ್ಲದಿದ್ದರೆ ಇವತ್ತು ಇಲ್ಲಿ ಟೈಪ್ ಮಾಡುತ್ತಿರಲಿಲ್ಲ. ಸುಮ್ನೆ ಆಂಟಿಬಯೋಟಿಕ್ ಬೇಡ ಬೇಡ ಅಂತ ಜನರನ್ನು ಹೆದರಿಸಬೇಡಿ.

ಯೂರೋ ಪಿಜಿ
ರಾಜಣ್ಣ, ನಿಮ್ಮದು ಒಂದನೇ ಗುಂಪು. ಅಲ್ಲಿ ನಿಮ್ಮ ಡಾಕ್ಟರು ಮಾಡಿದ್ದು ನೂರಕ್ಕೆ ನೂರು ಸರಿ. ರಕ್ತ, ಮೂತ್ರ ಕಲ್ಚರ್‌ಗೆ ತೆಗೆದುಕೊಂಡು ತಕ್ಷಣ ಇಂಜೆಕ್ಷನ್ ಶುರು ಮಾಡಬೇಕು. ತಡ ಮಾಡಿದರೆ ಸೋಂಕು ರಕ್ತಕ್ಕೆ ಏರುತ್ತೆ. ಜ್ವರ ಇಳಿದ ಮೇಲೆ ಮಾತ್ರೆಗೆ ಬದಲಾಯಿಸಿ, ಒಟ್ಟು ಎರಡರಿಂದ ನಾಲ್ಕು ವಾರ. ಇನ್ನೊಂದು ವಿಷಯ: ಆ ಹೊತ್ತಿನಲ್ಲಿ ಪ್ರಾಸ್ಟೇಟ್ ಒತ್ತಿ ಮಸಾಜ್ ಮಾಡಿ ಸ್ಯಾಂಪಲ್ ತೆಗೆಯಬಾರದು, ಒತ್ತಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತೆ. ಮಸಾಜ್ ಪರೀಕ್ಷೆ ಹಳೇ ನೋವಿನವರಿಗೆ ಮಾತ್ರ.

ನಾನು ಬೇಡ ಅಂದಿದ್ದು ಜ್ವರ ಇಲ್ಲದೆ, ಪರೀಕ್ಷೆ ಇಲ್ಲದೆ, ಅಂದಾಜಿನ ಮೇಲೆ ಬರೆಯುವ ನಾಲ್ಕು ವಾರಕ್ಕೆ.

ಹಾಸನದ ರಾಜ
ಹಾಗಾದರೆ ಸರಿ. ಆದರೂ ಮೊದಲೇ ಬಿಡಿಸಿ ಹೇಳಬಹುದಿತ್ತು ಅಲ್ವಾ.

ಮೆಡಿಕಲ್ಸ್ ಮಂಜಣ್ಣ
ಕೌಂಟರ್ ಈ ಕಡೆ ನಿಂತವನ ಕಥೆ ಕೇಳಿ. ಹದಿನೈದಕ್ಕೂ ಜಾಸ್ತಿ ವರ್ಷ ಅಂಗಡಿ ನಡೆಸುತ್ತಿದ್ದೇನೆ. "ಅಣ್ಣಾ, ಉರಿ ಐತೆ, ಏನಾದ್ರೂ ಕೊಡು" ಅಂತ ಬರುವವರೇ ಹೆಚ್ಚು. ಚೀಟಿ ಇರಲ್ಲ. ಚೀಟಿ ಇದ್ದವರೂ, "ಸದ್ಯಕ್ಕೆ ಐದು ಕತ್ತರಿಸಿ ಕೊಡಿ, ಆಮೇಲೆ ಬರ್ತೀನಿ" ಅನ್ನುತ್ತಾರೆ. ಕತ್ತರಿ ಹಿಡಿದು ಸ್ಟ್ರಿಪ್ ಕತ್ತರಿಸಿದರೆ ಹೆಸರು ಒಂದು ಕಡೆ, ಎಕ್ಸ್‌ಪೈರಿ ತಾರೀಕು ಇನ್ನೊಂದು ಕಡೆ ಹೋಗುತ್ತೆ. ಎರಡು ದಿನಕ್ಕೆ ಉರಿ ಕಡಿಮೆಯಾಯಿತು ಅಂದರೆ ಆ ಮನುಷ್ಯ ತಿರುಗಿ ಬರಲ್ಲ. ಉಳಿದ ಮೂರು ಮಾತ್ರೆ ಬೀರುವಿನಲ್ಲಿ ಕೂತು ಮುಂದಿನ ಸಲ ಭಾವಮೈದುನನಿಗೆ ಹೋಗುತ್ತೆ.

ಲಿವೊಫ್ಲಾಕ್ಸಾಸಿನ್ ಶೆಡ್ಯೂಲ್ ಎಚ್1 ಔಷಧಿ. 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅಂತ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತೆ ನೋಡಿ, ಅದು ಚಂದಕ್ಕೆ ಹಾಕಿದ್ದಲ್ಲ. ನಾನು ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅದು ಬೇರೆ ಮಾತು.

ಕುರುಬರಹಳ್ಳಿ ಕಿರಣ
ಮಂಜಣ್ಣ, ಪಕ್ಕದ ಅಂಗಡಿ ಅಡ್ರೆಸ್ ಹಾಕಿ 😄

ಮೆಡಿಕಲ್ಸ್ ಮಂಜಣ್ಣ
ನಿಮ್ಮಂಥವರಿಂದಲೇ ಗುರು ದೇಶ ಹಾಳಾಗಿದ್ದು.

ಬೇಸತ್ತವನು
ಒಬ್ಬರೂ ಸೈಡ್ ಎಫೆಕ್ಟ್ ಬಗ್ಗೆ ಮಾತಾಡಲಿಲ್ಲ. ಈ "ಫ್ಲಾಕ್ಸಾಸಿನ್" ಗುಂಪಿನ ಮಾತ್ರೆಗಳು ವಿಷ. ನನ್ನ ಕಸಿನ್ ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) ತಿಂದು ಹಿಮ್ಮಡಿ ಮೇಲಿನ ನರ ಹಿಡಿದುಕೊಂಡು ನಡೆಯೋಕೆ ಆಗದೆ ಕೂತಿದ್ದ. ಯಾವ ಡಾಕ್ಟರೂ ಮೊದಲೇ ಹೇಳಲ್ಲ. ಬರೆದು ಕಳಿಸೋದಷ್ಟೇ.

ಮೆಡಿಕಲ್ಸ್ ಮಂಜಣ್ಣ
ನರ ಅಲ್ಲ ಅದು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ವಿಷ ಅನ್ನೋದು ಜಾಸ್ತಿ ಆಯ್ತು, ಆದರೆ ವಿಷಯ ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಜಾಸ್ತಿ. ಹಿಮ್ಮಡಿ ಮೇಲೆ ನೋವು ಶುರುವಾದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು, ಓಡಾಡಿ ಸರಿಮಾಡಿಕೊಳ್ತೀನಿ ಅನ್ನಬಾರದು.

ಅಂಗಡಿಯಲ್ಲಿ ನಾನು ಕೇಳುವ ಪ್ರಶ್ನೆಗಳು ಬೇರೆ. ಸೊಂಟನೋವಿಗೆ ಟಿಜಾನಿಡಿನ್ ಇರುವ ಮಾತ್ರೆ ತಗೋತಾ ಇದ್ದೀರಾ? ಸಿಪ್ರೊ ಜೊತೆ ಅದು ಕೂಡದು, ಬಿಪಿ ಪಾತಾಳಕ್ಕೆ ಇಳಿಯುತ್ತೆ, ಮಂಪರು ಹಿಡಿಯುತ್ತೆ. ಶುಗರ್ ಮಾತ್ರೆ ಇದೆಯಾ? ಗ್ಲಿಮೆಪಿರೈಡ್ ಥರದ್ದು ಇದ್ದರೆ ಶುಗರ್ ಏಕಾಏಕಿ ಕುಸಿಯಬಹುದು. ಎದೆಯುರಿಗೆ ಬಿಳೀ ಟಾನಿಕ್ ಕುಡೀತೀರಾ? ಕಬ್ಬಿಣ, ಜಿಂಕ್, ಕ್ಯಾಲ್ಸಿಯಂ ಮಾತ್ರೆ? ಇವು ಜೊತೆಗೆ ಹೋದರೆ ಆಂಟಿಬಯೋಟಿಕ್ ಹೊಟ್ಟೆಯಲ್ಲೇ ಕಟ್ಟಿಕೊಂಡು ರಕ್ತಕ್ಕೆ ಸೇರೋದೇ ಇಲ್ಲ. ಸಿಪ್ರೊವನ್ನು ಬರೀ ಹಾಲಿನ ಜೊತೆ ನುಂಗಿದರೂ ಅದೇ ಕಥೆ. ನಾಲ್ಕು ವಾರ ತಿಂದೂ ವಾಸಿಯಾಗಲಿಲ್ಲ ಅನ್ನುವವರಲ್ಲಿ ಇಂಥವರೂ ಇರುತ್ತಾರೆ.

ನಿವೃತ್ತ ಮೇಷ್ಟ್ರು
ನೋಡಿದಿರಾ? ಎಳನೀರಿಗೆ ಇಷ್ಟೊಂದು ಷರತ್ತು ಇಲ್ಲ.

ಲೀಡ್ಸ್ ಕನ್ನಡಿಗ
ಇಂಗ್ಲೆಂಡ್‌ನಲ್ಲಿ 2024ರ ಜನವರಿಯಿಂದ ಇನ್ನೂ ಬಿಗಿ ಮಾಡಿದ್ದಾರೆ. ಬೇರೆ ಆಂಟಿಬಯೋಟಿಕ್ ಹೊಂದಲ್ಲ ಅಂದಾಗ ಮಾತ್ರ ಈ ಗುಂಪಿನದ್ದು ಕೊಡಬೇಕು ಅಂತ ಔಷಧ ನಿಯಂತ್ರಣದವರ ಸೂಚನೆ. ಆದರೂ ಇಲ್ಲಿನ ಮಾರ್ಗಸೂಚಿಯಲ್ಲಿ ದಿಢೀರ್ ಪ್ರಾಸ್ಟಟೈಟಿಸ್‌ಗೆ ಸಿಪ್ರೊ ಇದ್ದೇ ಇದೆ. ಹದಿನಾಲ್ಕು ದಿನ ಕೊಟ್ಟು ಮತ್ತೆ ನೋಡಿ ಮುಂದುವರಿಸೋದಾ ನಿಲ್ಲಿಸೋದಾ ಅಂತ ನಿರ್ಧರಿಸುತ್ತಾರೆ. ಇಷ್ಟು ಹೆದರಿಸುವವರೂ ಪ್ರಾಸ್ಟೇಟ್‌ಗೆ ಯಾಕೆ ಅದನ್ನೇ ಬಿಡಲ್ಲ, ಪಿಜಿ ಡಾಕ್ಟ್ರೇ?

ಯೂರೋ ಪಿಜಿ
ಒಳಗೆ ಹೋಗೋಕೆ ಬರುವ ಔಷಧಿಗಳೇ ಕಡಿಮೆ, ಅದಕ್ಕೆ. ಪ್ರಾಸ್ಟೇಟ್‌ನ ಜೀವಕೋಶಗಳ ಸಾಲು ಒಂದು ಕೊಬ್ಬಿನ ತಡೆ ಇದ್ದ ಹಾಗೆ. ಕೊಬ್ಬಿನಲ್ಲಿ ಕರಗುವ ಔಷಧಿ ಮಾತ್ರ ಚೆನ್ನಾಗಿ ದಾಟುತ್ತೆ. ಸಿಪ್ರೊ, ಲಿವೊ ದಾಟುತ್ತವೆ. ಕೋಟ್ರೈಮಾಕ್ಸಜೋಲ್‌ನಲ್ಲಿರುವ ಟ್ರೈಮೆಥೊಪ್ರಿಮ್ ದಾಟುತ್ತೆ. ಡಾಕ್ಸಿಸೈಕ್ಲಿನ್ ಕೂಡ. ಪೆನಿಸಿಲಿನ್, ಸೆಫಲೋಸ್ಪೊರಿನ್ ಜಾತಿಯವು ಊತ ಜೋರಾಗಿರುವಾಗ ಒಳಗೆ ಸೇರುತ್ತವೆ, ಏಕೆಂದರೆ ಆಗ ತಡೆ ಸಡಿಲ ಆಗಿರುತ್ತೆ. ಊತ ಇಳಿದ ಮೇಲೆ ಅಷ್ಟಕ್ಕಷ್ಟೇ.

ಗಂಡಸರ ಉರಿಮೂತ್ರಕ್ಕೆ ನೈಟ್ರೊಫ್ಯುರಾಂಟೊಯಿನ್ ಬರೆದ ಚೀಟಿಗಳನ್ನು ತುಂಬ ನೋಡುತ್ತೇನೆ. ಮೂತ್ರದಲ್ಲಿ ಅದು ಚೆನ್ನಾಗಿ ಸೇರುತ್ತೆ, ಪ್ರಾಸ್ಟೇಟ್‌ಗೆ ಸೇರಲ್ಲ. ಉರಿ ನಿಲ್ಲುತ್ತೆ, ತಿಂಗಳಾದ ಮೇಲೆ ಮತ್ತೆ ಬರುತ್ತೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಭೇದಿಗೂ ಆಫ್ಲಾಕ್ಸಾಸಿನ್, ನೆಗಡಿ ಕೆಮ್ಮಿಗೂ ಲಿವೊ ಅಂತ ನುಂಗಿ ನುಂಗಿ, ಇಲ್ಲಿನ ಇ. ಕೋಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇವಕ್ಕೆ ಬಗ್ಗೋದೇ ಇಲ್ಲ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ವರದಿಗಳಲ್ಲಿ ಪ್ರತಿ ವರ್ಷ ಇದೇ ಹಾಡು. ಹಾಗಾಗಿ ಇಂಗ್ಲೆಂಡ್‌ನಲ್ಲಿ ಕಣ್ಣುಮುಚ್ಚಿ ಸಿಪ್ರೊ ಕೊಟ್ಟರೆ ಕೆಲಸ ಮಾಡುವ ಸಾಧ್ಯತೆ ಬೇರೆ, ಬೆಂಗಳೂರಲ್ಲಿ ಬೇರೆ. ಕಲ್ಚರ್ ಬೇಕು ಅಂತ ಹಠ ಹಿಡಿಯೋದು ಇದಕ್ಕೇ. ಯಾವ ಮಾತ್ರೆಗೂ ಬಗ್ಗದ ಬ್ಯಾಕ್ಟೀರಿಯಾ ಬಂದಾಗ ಫಾಸ್ಫೊಮೈಸಿನ್ ಪುಡಿ ಪ್ರಯತ್ನಿಸುತ್ತೇವೆ. ಅದೂ ಕೈಕೊಟ್ಟರೆ ಅಡ್ಮಿಟ್ ಆಗಿ ಇಂಜೆಕ್ಷನ್.

ಉಡುಪಿ ಮಾಣಿ
ಕಲ್ಚರ್ ವಿಷಯಕ್ಕೆ ನಮ್ಮ ಮನೆಯದ್ದೇ ಒಂದು ಹೇಳುತ್ತೇನೆ ಮಾರಾಯ್ರೇ. ನಮ್ಮ ದೊಡ್ಡ ಮಾವನಿಗೆ ಶುಗರ್ ಹಳೇದು. ಗದ್ದೆ ಕೆಲಸ ಬಿಟ್ಟವರಲ್ಲ. ಮಳೆಗಾಲದಲ್ಲಿ ನಾಟಿ ಮುಗಿದ ಮೇಲೆ ಜ್ವರ ಹಿಡಿಯಿತು. ಇಲಿಜ್ವರ ಇರಬಹುದು ಅಂತ ಎಲ್ಲರೂ ಅಂದುಕೊಂಡೆವು. ಆಮೇಲೆ ಮೂತ್ರ ಕಟ್ಟಿತು. ಸಾಮಾನ್ಯ ಇಂಜೆಕ್ಷನ್‌ಗೆ ಜ್ವರ ಇಳಿಯಲೇ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಸಿಟಿ ಮಾಡಿದರೆ ಪ್ರಾಸ್ಟೇಟ್ ತುಂಬ ಕೀವು. ರಕ್ತದ ಕಲ್ಚರ್‌ನಲ್ಲಿ ಮೆಲಿಯೊಯಿಡೋಸಿಸ್ ಅಂತ ಬಂತು. ಮಣ್ಣಿನಲ್ಲಿ, ಕೆಸರಿನಲ್ಲಿ ಇರುವ ಬ್ಯಾಕ್ಟೀರಿಯಾ ಅಂತೆ.

ಕೀವು ತೆಗೆದು, ಎರಡು ವಾರಕ್ಕೂ ಹೆಚ್ಚು ಸೆಫ್ಟಾಜಿಡಿಮ್ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್. ಮಾವ ಈಗ ಮತ್ತೆ ಗದ್ದೆಗೆ ಇಳಿದಿದ್ದಾರೆ, ಗಂಬೂಟು ಹಾಕಿಕೊಂಡು. ಮೊದಲ ಲ್ಯಾಬ್‌ನವರು ಅದನ್ನು ಸ್ಯೂಡೊಮೊನಾಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ ಅಂತ ಬರೆದು ಕಳಿಸಿದ್ದರು.

ಯೂರೋ ಪಿಜಿ
ಮಾಣಿ, ಒಳ್ಳೇದು ಮಾಡಿದಿರಿ ಇದನ್ನು ಬರೆದು. ಕರಾವಳಿಯಲ್ಲಿ ಶುಗರ್ ಇರುವ ಗಂಡಸಿಗೆ ಮಳೆಗಾಲದಲ್ಲಿ ಪ್ರಾಸ್ಟೇಟ್ ಕೀವು ಅಂದರೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ಮಣಿಪಾಲದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಉತ್ತರ ಆಸ್ಟ್ರೇಲಿಯಾದಲ್ಲಿ ಈ ಕಾಯಿಲೆ ಬಂದ ಗಂಡಸರಿಗೆಲ್ಲ ಪ್ರಾಸ್ಟೇಟ್ ಸ್ಕ್ಯಾನ್ ಮಾಡಿ ನೋಡುತ್ತಾರೆ. ಸೆಫ್ಟ್ರಿಯಾಕ್ಸೋನ್ ಇದಕ್ಕೆ ಸಾಲಲ್ಲ. ಸೆಫ್ಟಾಜಿಡಿಮ್ ಇಲ್ಲವೇ ಮೆರೊಪೆನೆಮ್, ಆಮೇಲೆ ಕನಿಷ್ಠ ಮೂರು ತಿಂಗಳು ಮಾತ್ರೆ. ಮಧ್ಯದಲ್ಲಿ ಬಿಟ್ಟರೆ ತಿರುಗಿ ಬರುತ್ತೆ.

ದಾವಣಗೆರೆ ಹುಡುಗ
ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ, ಲಾಡ್ಜ್ ರೂಮ್ ನಂಬರ್ ಇಷ್ಟು, ಪ್ರತಿ ತಿಂಗಳು 5 ಮತ್ತು 20ನೇ ತಾರೀಕು" ಅಂತ ಬರೆದಿರುತ್ತೆ ನೋಡಿ. ನಮ್ಮ ರೂಮ್‌ಮೇಟ್ ಇದೇ ನೋವಿಗೆ ಅಲ್ಲಿಗೆ ಹೋಗಿ "ಧಾತು ಹೋಗ್ತಿದೆ" ಅಂತ ಹೇಳಿಸಿಕೊಂಡು, ಕಪ್ಪು ಲೇಹ್ಯ ತಂದು, ಸಂಬಳದ ಅರ್ಧ ಕಳೆದುಕೊಂಡ. ನೋವು ಹಾಗೇ ಇತ್ತು. ಜೊತೆಗೆ ಭಯ ಬೇರೆ ಸೇರಿಕೊಂಡಿತು.

ಕುರುಬರಹಳ್ಳಿ ಕಿರಣ
ನಾಚಿಕೆಯೇ ಅವರ ಬಂಡವಾಳ ಗುರು. ಹಲ್ಲುನೋವಿಗೆ ಯಾರಾದರೂ ಲಾಡ್ಜ್‌ಗೆ ಹೋಗ್ತಾರಾ?

ಶಿವಮೊಗ್ಗ ಶ್ರೀಮತಿ
ಹೆಂಗಸು ಮಧ್ಯೆ ಬಾಯಿ ಹಾಕಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ರಾತ್ರಿಪಾಳಿ ಅವರು ಹೆಂಡತಿಗೆ ಹರಡುತ್ತಾ ಅಂತ ಕೇಳಿದ್ದರು. ಯಾರೂ ಉತ್ತರ ಕೊಡಲಿಲ್ಲ. ನನಗೂ ತಿಳಿಯಬೇಕು.

ಯೂರೋ ಪಿಜಿ
ಬೇಜಾರು ಯಾಕೆ ಅಕ್ಕ, ಕೇಳಬೇಕಾದ ಪ್ರಶ್ನೆ. ಇ. ಕೋಲಿಯಿಂದ ಬಂದ ಪ್ರಾಸ್ಟಟೈಟಿಸ್ ಅಂಟುರೋಗ ಅಲ್ಲ. ಮೂರನೇ ಗುಂಪಿನ ನೋವೂ ಹರಡಲ್ಲ. ಆದರೆ ಕ್ಲಮೈಡಿಯಾ, ಗೊನೊರಿಯಾ ಸಿಕ್ಕರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಅದಕ್ಕೆ ಮಾತ್ರೆಗಳೂ ಬೇರೆ. ವಯಸ್ಸು ಕಡಿಮೆ ಇದ್ದರೆ, ಹೊಸ ಸಂಬಂಧ ಇದ್ದರೆ ಡಾಕ್ಟರು ಇದನ್ನು ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳಬೇಡಿ, ಅಷ್ಟೇ.

ಮೈಸೂರು ಪಾಕ್
ನಮ್ಮ ತಂದೆಗೆ ಮೂತ್ರದ ಸೋಂಕು ಇರುವಾಗಲೇ ಯಾರೋ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ರಕ್ತಪರೀಕ್ಷೆ) ಟೆಸ್ಟ್ ಮಾಡಿಸಿ 18 ಬಂತು. ಮನೆಯಲ್ಲಿ ಎಲ್ಲರೂ ಕ್ಯಾನ್ಸರ್ ಅಂತ ಅತ್ತಿದ್ದೇ ಅತ್ತಿದ್ದು. ಚಿಕ್ಕಪ್ಪ ಮೊಬೈಲ್‌ನಲ್ಲಿ ಹುಡುಕಿ ಇನ್ನೂ ಹೆದರಿಸಿದರು. ಯೂರಾಲಜಿಸ್ಟ್ ಆರಾಮಾಗಿ, "ಸೋಂಕು ವಾಸಿಯಾಗಲಿ, ಆರರಿಂದ ಎಂಟು ವಾರ ಬಿಟ್ಟು ಮತ್ತೆ ಮಾಡಿಸಿ" ಅಂದರು. ಆಮೇಲೆ 3ಕ್ಕೆ ಇಳಿಯಿತು. ಊತ ಇರುವಾಗ ಪಿಎಸ್‌ಎ ಏರುತ್ತೆ ಅಂತ ಮೊದಲೇ ಗೊತ್ತಿದ್ದರೆ ಅಮ್ಮ ಅಷ್ಟೊಂದು ಹರಕೆ ಹೊರುತ್ತಿರಲಿಲ್ಲ. ಈಗ ತಿರುಪತಿ, ಧರ್ಮಸ್ಥಳ ಎರಡೂ ಬಾಕಿ ಇದೆ.

ಹಾಸನದ ರಾಜ
ಹಾಗೇ ಬರುವಾಗ ಬೇಲೂರೂ ನೋಡಿಕೊಂಡು ಬನ್ನಿ 🙏

ಲ್ಯಾಬ್ ಲಕ್ಷ್ಮಿ
ನಾನು ಮೈಕ್ರೊಬಯಾಲಜಿ ಲ್ಯಾಬ್‌ನಲ್ಲಿ ಇದ್ದೇನೆ. ಎಲ್ಲರೂ ಕಲ್ಚರ್ ಕಲ್ಚರ್ ಅಂತೀರಿ, ಸ್ಯಾಂಪಲ್ ಹೇಗೆ ತರ್ತೀರಿ ಗೊತ್ತಾ? ಹಾರ್ಲಿಕ್ಸ್ ಬಾಟಲಿಯಲ್ಲಿ ತಂದವರಿದ್ದಾರೆ. ಲ್ಯಾಬ್ ಕೊಡುವ ಮುಚ್ಚಳದ ಡಬ್ಬಿಯಲ್ಲೇ ಹಿಡಿಯಬೇಕು. ಮೊದಲು ತೊಳೆದುಕೊಳ್ಳಿ, ಶುರುವಿನ ಮೂತ್ರ ಬಿಟ್ಟು ನಡುವಿನದ್ದು ಹಿಡಿಯಿರಿ. ಡಬ್ಬಿ ಒಳಗೆ ಬೆರಳು ತಾಕಬಾರದು. ಎರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಡ್ಜ್‌ನಲ್ಲಿಡಿ. ಮನೆಯವರಿಗೆ ಹೇಳಿ ಇಡಿ, ಯಾರಾದರೂ ಹಣ್ಣಿನ ರಸ ಅಂದುಕೊಂಡಾರು.

ಮುಖ್ಯವಾದದ್ದು: ಆಂಟಿಬಯೋಟಿಕ್ ಒಂದೆರಡು ಡೋಸ್ ಒಳಗೆ ಹೋಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇರಬಹುದು. ಮಾತ್ರೆ ನುಂಗಿ ಆಮೇಲೆ ಸ್ಯಾಂಪಲ್ ಕೊಟ್ಟು, "ರಿಪೋರ್ಟ್ ಸರಿಯಿಲ್ಲ" ಅಂತ ನಮ್ಮ ಮೇಲೆ ಜಗಳಕ್ಕೆ ಬರಬೇಡಿ. ಹಳೇ ಸೋಂಕಿನ ಅನುಮಾನ ಇದ್ದರೆ ಡಾಕ್ಟರು ಎರಡು ಡಬ್ಬಿ ಕಳಿಸುತ್ತಾರೆ. ಪ್ರಾಸ್ಟೇಟ್ ಮಸಾಜ್‌ಗೆ ಮುಂಚೆ ಒಂದು, ಆದ ಮೇಲೆ ಒಂದು. ಎರಡನೆಯದರಲ್ಲಿ ಬ್ಯಾಕ್ಟೀರಿಯಾ ಗಣನೀಯವಾಗಿ ಜಾಸ್ತಿ ಇದ್ದರೆ ಅದು ಪ್ರಾಸ್ಟೇಟ್‌ನದ್ದು. ಡಬ್ಬಿ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಅಂತ ದಯವಿಟ್ಟು ಬರೆದಿರಲಿ.

ರಾತ್ರಿಪಾಳಿ
ಎಲ್ಲರಿಗೂ ಥ್ಯಾಂಕ್ಸ್. ಎರಡೂ ಡಬ್ಬಿ ಕೊಟ್ಟೆ. ಎರಡರಲ್ಲೂ ಏನೂ ಬೆಳೆದಿಲ್ಲ. ಪಸ್ ಸೆಲ್ಸ್ (ಕೀವಿನ ಕಣ) ಮಸಾಜ್ ಆದ ಮೇಲಿನದ್ದರಲ್ಲೂ ನಾರ್ಮಲ್. ಯೂರಾಲಜಿಸ್ಟ್ ಆಂಟಿಬಯೋಟಿಕ್ ಬೇಡ ಅಂದರು. ಮೂತ್ರದ ದಾರಿ ಸಡಿಲ ಮಾಡುವ ಟಾಮ್ಸುಲೋಸಿನ್ ಬರೆದಿದ್ದಾರೆ, ಫಿಸಿಯೋ ಹತ್ತಿರ ಹೋಗಿ ಅಂದಿದ್ದಾರೆ. ಆದರೆ ನೋವಂತೂ ಇದೆ. ಒಂದು ಸಲ ಲಿವೊ ತಿಂದು ನೋಡಿದರೆ ನಷ್ಟ ಏನು ಅಂತ ಮನಸ್ಸಿಗೆ ಬರುತ್ತೆ.

ಯೂರೋ ಪಿಜಿ
ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2004ರಲ್ಲಿ ಅಮೆರಿಕದಲ್ಲಿ ನಿಮ್ಮಂಥ ನೋವಿದ್ದ 196 ಗಂಡಸರಿಗೆ ಆರು ವಾರ ಕೊಟ್ಟರು. ಕೆಲವರಿಗೆ ಸಿಪ್ರೊ, ಕೆಲವರಿಗೆ ಟಾಮ್ಸುಲೋಸಿನ್, ಕೆಲವರಿಗೆ ಎರಡೂ, ಕೆಲವರಿಗೆ ಖಾಲಿ ಮಾತ್ರೆ. ಖಾಲಿ ಮಾತ್ರೆಗಿಂತ ಸಿಪ್ರೊ ಹೆಚ್ಚೇನೂ ಮಾಡಲಿಲ್ಲ.

ಬೇಸತ್ತವನು
ಹಾಗಂದರೆ ಟಾಮ್ಸುಲೋಸಿನ್ನೂ ಏನೂ ಮಾಡಲಿಲ್ಲ ಅಂತಾಯ್ತಲ್ಲ. ಮತ್ತೆ ಅದನ್ನೇ ಯಾಕೆ ಬರೀತಾರೆ?

ಯೂರೋ ಪಿಜಿ
ಒಳ್ಳೇ ಪಾಯಿಂಟ್. ಆ ಪರೀಕ್ಷೆಯಲ್ಲಿದ್ದವರು ಬಹಳ ವರ್ಷದ ನೋವಿನವರು, ಮೊದಲೇ ನಾನಾ ಔಷಧಿ ತಿಂದು ಸಾಕಾಗಿದ್ದವರು. ಮೂತ್ರದ ತೊಂದರೆ ಇರುವ ಕೆಲವರಿಗೆ ಟಾಮ್ಸುಲೋಸಿನ್ ಗುಂಪಿನಿಂದ ಸ್ವಲ್ಪ ಅನುಕೂಲ ಆಗುತ್ತೆ, ಎಲ್ಲರಿಗೂ ಅಲ್ಲ. ಕೆಲವು ವಾರ ನೋಡಿ ಪ್ರಯೋಜನ ಇಲ್ಲದಿದ್ದರೆ ನಿಲ್ಲಿಸುತ್ತೇವೆ. ರಾತ್ರಿಪಾಳಿ ಅವರೇ, ಮೊದಮೊದಲು ಎದ್ದ ತಕ್ಷಣ ತಲೆ ಸುತ್ತಬಹುದು, ನಿಧಾನಕ್ಕೆ ಏಳಿ. ವೀರ್ಯ ಕಡಿಮೆ ಬರಬಹುದು ಅಥವಾ ಬರದೇ ಇರಬಹುದು. ಹೆದರಬೇಡಿ, ಮಾತ್ರೆ ಬಿಟ್ಟರೆ ಸರಿಹೋಗುತ್ತೆ.

ಇನ್ನೊಂದು, ಇದನ್ನು ಓದುವ ಬೇರೆಯವರಿಗೆ: ಪಸ್ ಸೆಲ್ಸ್ ತುಂಬ ಇದ್ದೂ ಕಲ್ಚರ್ ಪದೇ ಪದೇ ಖಾಲಿ ಬಂದರೆ ನಮ್ಮ ದೇಶದಲ್ಲಿ ಟಿಬಿ ನೆನಪಾಗಬೇಕು. ಪ್ರಾಸ್ಟೇಟ್‌ಗೂ ಟಿಬಿ ಬರುತ್ತೆ. ಅಂಥವರಿಗೆ ಲಿವೊ ಕೊಟ್ಟರೆ ಟಿಬಿ ಸ್ವಲ್ಪ ದಿನ ತಗ್ಗಿದ ಹಾಗೆ ಕಾಣಿಸಿ ಪತ್ತೆಯಾಗೋದು ತಡವಾಗುತ್ತೆ. ಸುಮ್ನೆ ತಿಂದು ನೋಡೋಣ ಅನ್ನುವವರಿಗೆ ಇದೂ ಒಂದು ನಷ್ಟ.

ಕುರುಬರಹಳ್ಳಿ ಕಿರಣ
ಫಿಸಿಯೋ ಅಂದರೆ ಕೀಗಲ್ ತಾನೇ? ಯೂಟ್ಯೂಬ್‌ನಲ್ಲಿದೆ, ದಿನಾ ನೂರು ಸಲ ಬಿಗಿ ಹಿಡಿದು ಬಿಡಿ.

ಶಿವಮೊಗ್ಗ ಶ್ರೀಮತಿ
ಬೇಡ ಬೇಡ! ನಾನು ಫಿಸಿಯೋ ಕ್ಲಿನಿಕ್‌ನಲ್ಲೇ ಕೆಲಸ ಮಾಡೋದು. ಇಂಥ ನೋವಿನವರಲ್ಲಿ ಎಷ್ಟೋ ಜನರಿಗೆ ಕೆಳಗಿನ ಸ್ನಾಯು ಮೊದಲೇ ಬಿಗಿದುಕೊಂಡಿರುತ್ತೆ. ಮೇಲಿಂದ ಕೀಗಲ್ ಮಾಡಿದರೆ ನೋವು ಜಾಸ್ತಿಯೇ ಆಗುತ್ತೆ. ಅವರಿಗೆ ಬೇಕಾಗಿರೋದು ಸಡಿಲ ಮಾಡೋದು. ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು, ಕುಕ್ಕರಗಾಲಲ್ಲಿ ಕೂರೋದು, ತೊಡೆ ಒಳಭಾಗ ಎಳೆಯೋದು. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಪರೀಕ್ಷಿಸಿ ನೋಡಿದ ಮೇಲೆ ಯಾರಿಗೆ ಏನು ಅಂತ ಹೇಳಬಹುದು, ಯೂಟ್ಯೂಬ್‌ಗೆ ನಿಮ್ಮ ಸ್ನಾಯು ಕಾಣಲ್ಲ.

ನಿವೃತ್ತ ಮೇಷ್ಟ್ರು
ಕುಕ್ಕರಗಾಲು! ನಾವು ಹಳ್ಳಿಯಲ್ಲಿ ದಿನಾ ಬೆಳಿಗ್ಗೆ ಮಾಡುತ್ತಿದ್ದದ್ದು. ನೀವೆಲ್ಲ ಕಮೋಡ್ ಹಾಕಿಸಿಕೊಂಡಿರಿ.

ಉಡುಪಿ ಮಾಣಿ
ಮೇಷ್ಟ್ರೇ, ಈ ಸಲ ಫಿಸಿಯೋದವರೂ ನಿಮ್ಮ ಪಾರ್ಟಿ 😂

ರಾತ್ರಿಪಾಳಿ
ಶ್ರೀಮತಿ ಅಕ್ಕ, ನಾನು ಬುಲೆಟ್‌ನಲ್ಲಿ ದಿನಾ ಆಫೀಸಿಗೆ ಹೋಗಿ ಬರೋದು, ಸಿಲ್ಕ್ ಬೋರ್ಡ್ ಮೇಲಿಂದ. ಅದನ್ನೂ ಬಿಡಬೇಕಾ?

ಶಿವಮೊಗ್ಗ ಶ್ರೀಮತಿ
ನೋವು ಇರುವವರೆಗೆ ಮೆಟ್ರೋ ಹತ್ತಿ. ಬೈಕೇ ಬೇಕು ಅಂದರೆ ಸೀಟು ಬದಲಾಯಿಸಿ, ಮಧ್ಯೆ ಮಧ್ಯೆ ಇಳಿದು ನಿಲ್ಲಿ. ಸಿಲ್ಕ್ ಬೋರ್ಡ್‌ನಲ್ಲಿ ಅದಕ್ಕೆ ಬೇಕಾದಷ್ಟು ಟೈಮ್ ಸಿಗುತ್ತೆ.

ಕುರುಬರಹಳ್ಳಿ ಕಿರಣ
ಬುಲೆಟ್ ಮಾರೋದಾದರೆ ಹೇಳಿ ಗುರು, ಯಾವ ಮಾಡೆಲ್?